ಅಜ್ಜಿ ಮನೆ ಗೋಡೆಗೆ ಸಿಮೆಂಟ್ ಯಾಕೆ ನಿಲ್ಲಲಿಲ್ಲ?

ಹಾಸನ ಜಿಲ್ಲೆಯಲ್ಲಿರೋ ನಮ್ಮ ಅಜ್ಜಿ ಮನೆ ಹಳೇ ತೊಟ್ಟಿ ಮನೆ. ಮಣ್ಣಿನ ಗೋಡೆ, ಮೇಲೆ ಮಂಗಳೂರು ಹೆಂಚು. ಮೂರು ವರ್ಷದ ಹಿಂದೆ ರಿಪೇರಿ ಮಾಡಿಸುವಾಗ, ಗಟ್ಟಿ ಇರಲಿ ಅಂತ ಹಳೇ ಗಿಲಾವು ಕೆರೆದು ಸಿಮೆಂಟ್ ಪ್ಲಾಸ್ಟರ್ ಮಾಡಿಸಿ ಆಯಿಲ್ ಪೇಂಟ್ ಹೊಡೆಸಿದ್ರು. ಎರಡೇ ಮಳೆಗಾಲ. ಪ್ಲಾಸ್ಟರ್ ಹಪ್ಪಳದ ಹಾಗೆ ಉಬ್ಬಿ ಬಿತ್ತು. ಹಿಂದಿನ ಮಣ್ಣು ಬೆರಳಲ್ಲಿ ಒತ್ತಿದ್ರೆ ಒಳಗೆ ಹೋಗ್ತಿತ್ತು. ಎಲ್ಲರೂ ಮೇಸ್ತ್ರಿಯನ್ನು ಬೈದರು, ನಾನೂ ಬೈದೆ. ಈಗ ಸಿವಿಲ್ ಓದುವಾಗ ಅನ್ನಿಸ್ತಿದೆ, ಕೆಲಸ ಸರಿಯಾಗೇ ಇತ್ತು, ಸಾಮಗ್ರಿಯ ಆಯ್ಕೆ ತಪ್ಪಿತ್ತು.

ಸೀಮೆಸುಣ್ಣದ ತುದಿಯನ್ನು ಇಂಕಿನಲ್ಲಿ ಅದ್ದಿ ನೋಡಿ. ಬಣ್ಣ ತಾನಾಗೇ ಮೇಲೆ ಏರುತ್ತೆ. ನೆಲದ ತೇವ ಕೂಡ ಹೀಗೇ ಸಣ್ಣ ಸಣ್ಣ ರಂಧ್ರಗಳ ಮೂಲಕ ಗೋಡೆ ಹತ್ತುತ್ತೆ. ಇದೇ ಕ್ಯಾಪಿಲರಿ ಆಕ್ಷನ್. ಹಳೇ ಮನೆಗಳ ಪಾಯದಲ್ಲಿ ತೇವ ತಡೆಯೋ ಪದರ ಸಾಮಾನ್ಯವಾಗಿ ಇರಲ್ಲ. ಆದ್ರೂ ಗೋಡೆ ಅಷ್ಟು ವರ್ಷ ಹೇಗೆ ನಿಂತಿತ್ತು? ಮಣ್ಣು, ಸುಣ್ಣ ಎರಡೂ ಆವಿಯನ್ನು ಹೊರಗೆ ಬಿಡುತ್ತವೆ. ಮಳೆಗಾಲದಲ್ಲಿ ಕುಡಿದ ನೀರು ಬೇಸಿಗೆಯಲ್ಲಿ ಆರಿಹೋಗ್ತಿತ್ತು. ಸಿಮೆಂಟ್ ಮತ್ತು ಆಯಿಲ್ ಪೇಂಟ್ ಆ ದಾರಿ ಮುಚ್ಚಿದವು. ಜೊತೆಗೆ ಮಣ್ಣು ಒದ್ದೆಯಾದಾಗ ಹಿಗ್ಗಿ, ಒಣಗಿದಾಗ ಕುಗ್ಗುತ್ತೆ. ಬಿರುಸಾದ ಸಿಮೆಂಟ್ ಅದರ ಜೊತೆ ಆಡಲ್ಲ, ಬಿರುಕು ಬಿಡುತ್ತೆ. ಬಿರುಕಲ್ಲಿ ಮಳೆನೀರು ಒಳಗೆ ಹೋಗುತ್ತೆ, ವಾಪಸ್ ಬರೋಕೆ ಆಗಲ್ಲ.

ಹಾಗಾದ್ರೆ ಏನ್ ಮಾಡ್ಬೇಕು? ಸಿಮೆಂಟ್ ಕಿತ್ತು ಗೋಡೆಯನ್ನು ಪೂರ್ತಿ ಒಣಗಲು ಬಿಡಬೇಕು. ಈ ಹಂತದಲ್ಲಿ ಆತುರ ಪಟ್ರೆ ಮತ್ತೆ ಅದೇ ಕಥೆ. ಆಮೇಲೆ ಮಣ್ಣಿನ ಗಿಲಾವು, ಮೇಲೆ ಸುಣ್ಣ. ಹೊರಗಡೆ ನೆಲದ ಇಳಿಜಾರು ಗೋಡೆಯಿಂದ ಆಚೆಗಿರಬೇಕು, ಸೂರಿನ ನೀರು ಗೋಡೆ ಬುಡಕ್ಕೆ ಬೀಳಬಾರದು.

ದೊಡ್ಡಪ್ಪನ ಲೆಕ್ಕ ಬೇರೆ. ಹೆಂಚು ತೆಗೆದು ಮೋಲ್ಡ್ ಹಾಕಿಸಿಬಿಡೋಣ ಅಂತಾರೆ. 10 ಸೆಂ.ಮೀ. ದಪ್ಪದ ಆರ್‌ಸಿಸಿ ಮೋಲ್ಡ್ ಒಂದು ಚದರ ಮೀಟರಿಗೆ ಸುಮಾರು 250 ಕೆ.ಜಿ. ತೂಗುತ್ತೆ. ಹೆಂಚು, ರೀಪು ಸೇರಿದ್ರೂ ಅದರ ಮೂರನೇ ಒಂದು ಭಾಗ ಇರಲ್ಲ. ನೆನೆದು ಮೆತ್ತಗಾದ ಗೋಡೆ ಮೇಲೆ ಅಷ್ಟು ಭಾರವನ್ನ ಹೊರಿಸೋದು ಅಂದ್ರೆ ನನಗೆ ನಿಜವಾಗ್ಲೂ ಭಯ. ಅಜ್ಜಿ ಮಲಗೋದು ಅದೇ ಗೋಡೆ ಪಕ್ಕ.

ದಸರಾ ರಜೆಯಲ್ಲಿ ಅಡುಗೆಮನೆಯ ಒಂದು ಗೋಡೆಗೆ ಮಣ್ಣಿನ ಗಿಲಾವು ಮಾಡಿ ನೋಡ್ತೀವಿ. ಮೆತ್ತೋದು ಹೇಗೆ ಅಂತ ಅಜ್ಜಿ ಹೇಳಿಕೊಡ್ತಾರಂತೆ. ದೊಡ್ಡಪ್ಪ ಇನ್ನೂ ಒಪ್ಪಿಲ್ಲ.