ಹಳೇ ಕುಂಡಕ್ಕೆ ಹೊಸ ಸಸಿ ಇಡುವ ಮುನ್ನ

ಸಂಜೆಯವರೆಗೂ ಹಸಿರಾಗಿ ನಿಂತಿದ್ದ ಟೊಮೆಟೊ ಗಿಡ ಬಿಸಿಲೇರುವಷ್ಟರಲ್ಲಿ ಸೊರಗಿ ತಲೆ ಬಾಗಿಸಿರುತ್ತದೆ. ಎಲೆ ಹಳದಿಯಾಗಿಲ್ಲ, ಮಣ್ಣೂ ಒಣಗಿಲ್ಲ. ಬುಡದ ಹತ್ತಿರ ಕಾಂಡ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿಗೆ ಅದರ ತುದಿ ತಾಗಿಸಿ ಹಿಡಿದರೆ ಕೆಲವೇ ನಿಮಿಷಗಳಲ್ಲಿ ಹಾಲಿನಂಥ ಬಿಳಿ ಎಳೆ ಕೆಳಗಿಳಿಯುತ್ತದೆ. ಅದು ದುಂಡಾಣು ಸೊರಗು ರೋಗದ ಗುರುತು.

ಗಿಡ ಕಿತ್ತೆಸೆದರೂ ರೋಗಾಣು ಮಣ್ಣಿನಲ್ಲಿ, ಕುಂಡದ ಒಳಮೈಗೆ ಅಂಟಿದ ಬೇರಿನ ಚೂರುಗಳಲ್ಲಿ ಉಳಿಯುತ್ತದೆ. ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಎಲ್ಲವೂ ಟೊಮೆಟೊ ಕುಟುಂಬದವೇ; ಅದೇ ಕುಂಡದಲ್ಲಿ ನೆಟ್ಟರೆ ಅವಕ್ಕೂ ಅದೇ ಗತಿ. ಎಳೆಯ ಸಸಿಗಳ ಬುಡ ಕೊಳೆಸುವ ರೋಗವೂ ಹೀಗೆಯೇ ಹರಡುತ್ತದೆ. ತಾರಸಿ ತೋಟ ಮಾಡುವವರು ಗೊಬ್ಬರಕ್ಕೆ ಕೊಡುವಷ್ಟೇ ಗಮನವನ್ನು ಕುಂಡದ ಶುಚಿತ್ವಕ್ಕೂ ಕೊಡಬೇಕು.

ಮೊದಲು ಮಣ್ಣು ಸುರಿದು, ಖಾಲಿ ಕುಂಡವನ್ನು ಬಿಸಿಲಿಗೆ ಒಣಗಿಸಿ. ಒಣಗಿದ ಮಣ್ಣು ತಟ್ಟಿದರೆ ಉದುರುತ್ತದೆ. ಆಮೇಲೆ ಸೋಪಿನ ನೀರು, ತೆಂಗಿನ ನಾರು ಅಥವಾ ಗಟ್ಟಿ ಬ್ರಷ್ ಹಿಡಿದು ಒಳಗೂ ಹೊರಗೂ ಉಜ್ಜಿ. ಕಂಠದ ಅಂಚಿನ ಕೆಳಗೆ ಬೆರಳಾಡಿಸಿ ನೋಡಿ: ಬಿಳಿ ಹಿಟ್ಟು ತಿಗಣೆಯ ಮೊಟ್ಟೆಗಳು ಹತ್ತಿಯಂತೆ ಅಂಟಿಕೊಂಡಿರುವುದು ಅಲ್ಲೇ. ನೀರು ಬಸಿಯುವ ತೂತುಗಳನ್ನೂ ಕಡ್ಡಿಯಿಂದ ಬಿಡಿಸಿ.

ಬೋರ್‌ವೆಲ್ ನೀರು ಹಾಕುವ ಮನೆಗಳಲ್ಲಿ ಮಣ್ಣಿನ ಕುಂಡದ ಹೊರಮೈಗೆ ಬಿಳಿ ಉಪ್ಪಿನ ಪಟ್ಟೆ ಕಟ್ಟುತ್ತದೆ. ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಅರ್ಧ ಗಂಟೆ ನೆನೆಸಿದರೆ ಅದು ಸಡಿಲಾಗುತ್ತದೆ. ಉಜ್ಜಿ, ಧಾರಾಳ ನೀರಿನಲ್ಲಿ ತೊಳೆಯಿರಿ. ವಿನೆಗರ್‌ನ ಅಂಶ ಚೂರೂ ಉಳಿಯಬಾರದು. ಮುಂದಿನ ಹಂತದಲ್ಲಿ ಬಳಸುವ ಬ್ಲೀಚ್ ಜೊತೆ ಅದು ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ.

ಸೋಂಕು ತೆಗೆಯುವ ಕೆಲಸ ಇನ್ನು ಮುಂದಿನದು. ಒಂದು ಪಾಲು ದ್ರವ ಬ್ಲೀಚ್‌ಗೆ 9 ಪಾಲು ನೀರು. ಬ್ಲೀಚಿಂಗ್ ಪೌಡರ್ ಆದರೆ ಲೀಟರ್‌ಗೆ ಸುಮಾರು 15 ಗ್ರಾಂ. ಮೊದಲು ಸ್ವಲ್ಪ ನೀರಿನಲ್ಲಿ ಕಲಸಿ, ಉಳಿದ ನೀರು ಸೇರಿಸಿ, ತಳಕ್ಕಿಳಿದ ಗಷ್ಟು ಬಿಟ್ಟು ತಿಳಿ ಬಳಸಿ. ಪ್ಲಾಸ್ಟಿಕ್ ಬಕೆಟ್, ಕೈಗವಸು, ಗಾಳಿಯಾಡುವ ಜಾಗ ಇರಲಿ. ಕುಂಡ ಕನಿಷ್ಠ 10 ನಿಮಿಷ ಪೂರ್ತಿ ಮುಳುಗಿರಬೇಕು. ಉಜ್ಜದೆ ನೇರ ಅದ್ದುವುದು ವ್ಯರ್ಥ, ಏಕೆಂದರೆ ಅಂಟಿದ ಮಣ್ಣೇ ಬ್ಲೀಚ್‌ನ ಶಕ್ತಿಯನ್ನು ತಿಂದುಹಾಕುತ್ತದೆ.

ಪ್ಲಾಸ್ಟಿಕ್ ಕುಂಡಕ್ಕೆ ಎರಡು ಸಲ ನೀರು ಸುರಿದರೆ ಸಾಕು. ಮಣ್ಣಿನ ಕುಂಡ ಬ್ಲೀಚನ್ನು ಹೀರಿಕೊಂಡಿರುತ್ತದೆ. ಶುದ್ಧ ನೀರಿನಲ್ಲಿ ಇನ್ನೊಮ್ಮೆ ನೆನೆಸಿ, ವಾಸನೆ ಹೋಗುವ ತನಕ ಬಿಸಿಲಲ್ಲಿಡಿ. ಬಿರುಕು ಬಿಟ್ಟ ಕುಂಡದಲ್ಲಿ ಸೊರಗು ರೋಗ ಬಂದಿದ್ದರೆ ಅದನ್ನು ಉಳಿಸಿಕೊಳ್ಳಲು ಹೋಗಬೇಡಿ, ಆ ಮಣ್ಣನ್ನು ಬೇರೆ ಕುಂಡಕ್ಕೂ ಹಾಕಬೇಡಿ.

ಒಣಗಿದ ಕುಂಡಗಳನ್ನು ಬೋರಲು ಹಾಕಿಯೇ ಜೋಡಿಸಿಡಿ. ಮಳೆನೀರು ನಿಂತರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಅಲ್ಲೇ ಮರಿ ಮಾಡುತ್ತದೆ.