ಬೇಸಿಗೆ ರಜೆ, ಮಕ್ಕಳು ಮತ್ತು ರಾಮಶೇಜ್ ಕೋಟೆ

ಪ್ರಶ್ನೆ: ಪತಿಯ ಕೆಲಸದ ನಿಮಿತ್ತ ಧಾರವಾಡದಿಂದ ಮಹಾರಾಷ್ಟ್ರದ ದಿಂಡೋರಿಗೆ ಬಂದಿದ್ದೇವೆ. ಆರು ಮತ್ತು ಒಂಬತ್ತು ವರ್ಷದ ಮಕ್ಕಳು ರಜೆಯಲ್ಲಿ ಮೊಬೈಲ್ ಕೆಳಗಿಡುತ್ತಿಲ್ಲ. ಬೆಟ್ಟಕ್ಕೆ ಕರೆದೊಯ್ಯೋಣವೆಂದರೆ ಬಿಸಿಲಿನ ಭಯ. ಏನು ಮಾಡಲಿ?

ಉತ್ತರ: ನಿಮ್ಮ ಭಯ ಸರಿಯೇ. ಆದರೆ ಬೆಟ್ಟ ಬಿಡಬೇಕಿಲ್ಲ, ಹೊತ್ತು ಬದಲಿಸಿದರೆ ಸಾಕು. ನಿಮ್ಮ ತಾಲ್ಲೂಕಿನಲ್ಲೇ, ಆಶೇವಾಡಿಯ ಬಳಿ ರಾಮಶೇಜ್ ಕೋಟೆಯಿದೆ. ಸಹ್ಯಾದ್ರಿಯ ಕೋಟೆಗಳಲ್ಲಿ ಇದು ಸುಲಭದ್ದು. ಚಿಕ್ಕವರೂ ನಿಧಾನಕ್ಕೆ ಹತ್ತಬಹುದು. 1680ರ ದಶಕದಲ್ಲಿ ಔರಂಗಜೇಬನ ಸೈನ್ಯವನ್ನು ವರ್ಷಗಟ್ಟಲೆ ಸತಾಯಿಸಿದ ಕೋಟೆಯಿದು ಎಂದು ಹೇಳಿ ನೋಡಿ, ‘ಕಾಲು ನೋವು’ ಎಂಬ ರಾಗ ತಾನಾಗಿ ಕಡಿಮೆಯಾಗುತ್ತದೆ. ದಾರಿಯಲ್ಲಿ ಗುಹೆಯೊಳಗೆ ರಾಮನ ಗುಡಿಯಿದೆ. ಅಲ್ಲಿ ಕೂತು ದಣಿವಾರಿಸಿಕೊಳ್ಳಿ.

ಮೇಲೆ ನೆರಳು ತೀರಾ ಕಡಿಮೆ. ಬೆಳಗ್ಗೆ ಆರಕ್ಕೆ ಹತ್ತಲು ಶುರುಮಾಡಿ, ಒಂಬತ್ತಕ್ಕೆಲ್ಲ ಕೆಳಗಿರಿ. ‘ತುದಿ ಮುಟ್ಟಲೇಬೇಕು’ ಎಂಬ ಹಟ ಸಾಮಾನ್ಯವಾಗಿ ಅಪ್ಪಂದಿರದು, ಮಕ್ಕಳದಲ್ಲ! ತಲೆಗೆ ಟೋಪಿ, ಮೈಗೆ ತುಂಬುತೋಳಿನ ಹತ್ತಿಬಟ್ಟೆ, ಕಾಲಿಗೆ ಚಪ್ಪಲಿಯ ಬದಲು ಶೂ ಇರಲಿ. ಬಾಯಾರಿಕೆ ಎನ್ನುವವರೆಗೆ ಕಾಯದೆ ಆಗಾಗ ಎರಡು ಗುಟುಕು ಕುಡಿಸಿ. ಬರೀ ನೀರಿನ ಜೊತೆಗೆ ಉಪ್ಪು ಹಾಕಿದ ಮಜ್ಜಿಗೆಯೂ ಇರಲಿ. ಕೋಟೆಯ ಮೇಲಿನ ನೀರಿನ ಹೊಂಡಗಳ ಅಂಚಿಗೆ ಮಕ್ಕಳನ್ನು ಬಿಡಬೇಡಿ, ಆ ನೀರನ್ನು ಕುಡಿಸಲೂಬೇಡಿ.

ತಲೆಸುತ್ತು, ವಾಂತಿ ಕಂಡರೆ ಕೂಡಲೇ ನೆರಳಿಗೆ ಕರೆತಂದು ಒದ್ದೆಬಟ್ಟೆಯಿಂದ ಮೈ ಒರೆಸಿ. ಮಗು ತೊದಲಿದರೆ ಅಥವಾ ಮಂಕಾದರೆ ಮೈ ತಂಪು ಮಾಡುತ್ತಲೇ ಆಸ್ಪತ್ರೆಗೆ ಹೊರಡಿ. ಪ್ರಜ್ಞೆ ತಪ್ಪಿದ ಮಗುವಿನ ಬಾಯಿಗೆ ನೀರು ಹಾಕಲೇಬೇಡಿ.