ಹಳೆಯ ಗಣಕಯಂತ್ರ ಮತ್ತು ಹಿಂದಿನ ಮಾಲೀಕರ ಕುರುಹುಗಳು

ಗಣಕಯಂತ್ರವು ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ಹೋಗುವುದು ನಮ್ಮ ನಗರಗಳಲ್ಲಿ ಈಗ ಸಾಮಾನ್ಯ ಸಂಗತಿ. ಪುಣೆಯಂತಹ ನಗರದಲ್ಲಿ ಇದಕ್ಕೆ ವಿಶೇಷ ಕಾರಣಗಳೂ ಇವೆ. ಹಿಂಜವಡಿ, ಖರಾಡಿ, ಮಗರಪಟ್ಟಾ ಮುಂತಾದ ಕಡೆ ನೆಲೆಸಿರುವ ತಂತ್ರಾಂಶ ಸಂಸ್ಥೆಗಳು ಕೆಲವು ವರ್ಷಗಳಿಗೊಮ್ಮೆ ತಮ್ಮ ಯಂತ್ರಗಳನ್ನು ಬದಲಾಯಿಸುತ್ತವೆ. ಅದೇ ನಗರಕ್ಕೆ ವಿದ್ಯಾಭ್ಯಾಸಕ್ಕೆಂದು ಬರುವ, ಹೊಸ ಲ್ಯಾಪ್‌ಟಾಪಿನ ಬೆಲೆಯನ್ನು ಭರಿಸಲಾರದ ವಿದ್ಯಾರ್ಥಿಗಳಿಗೂ ಕೊರತೆಯಿಲ್ಲ. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಗಳಿಂದ ಬಂದ ಕನ್ನಡಿಗರೂ ಅವರಲ್ಲಿ ಇದ್ದಾರೆ. ಬುಧವಾರ ಪೇಟೆಯ ತಪಕೀರ್ ಗಲ್ಲಿಯ ಅಂಗಡಿಗಳು ವಿದ್ಯುನ್ಮಾನ ವಸ್ತುಗಳಿಗೆ ಬಹುಕಾಲದಿಂದ ಹೆಸರಾಗಿವೆ. ಬುಧವಾರ ಮತ್ತು ಭಾನುವಾರಗಳ ಸಂತೆಯೆಂದು ಪ್ರಸಿದ್ಧವಾದ ಜುನಾ ಬಾಜಾರಿನಲ್ಲಿ ತಾಮ್ರದ ಹಂಡೆ, ಗಡಿಯಾರಗಳ ಜೊತೆಗೆ ಗಣಕಯಂತ್ರದ ಬಿಡಿಭಾಗಗಳೂ ಮಾರಾಟವಾಗುವುದುಂಟು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲ ಮುಗಿದುದರಿಂದ, ವಿಂಡೋಸ್ 11ನ್ನು ಒಪ್ಪದ ಎಷ್ಟೋ ಯಂತ್ರಗಳು ಕೈ ಬದಲಾಯಿಸುವ ಸ್ಥಿತಿಗೆ ಬಂದಿವೆ.

ಇಂತಹ ಯಂತ್ರವನ್ನು ಮನೆಗೆ ತಂದು ತೆರೆದಾಗ ಕೆಲವೊಮ್ಮೆ ಪರದೆಯ ಮೇಲೆ ಹಿಂದಿನವರ ಹೆಸರೇ ಎದುರಾಗುತ್ತದೆ. ಬ್ರೌಸರಿನಲ್ಲಿ ಉಳಿದ ಪಾಸ್‌ವರ್ಡುಗಳು, ಆಧಾರ್ ಮತ್ತು ಪ್ಯಾನ್ ಕಾರ್ಡುಗಳ ಪ್ರತಿಗಳು, ಬಾಡಿಗೆಯ ಕರಾರುಪತ್ರ, ಮದುವೆಯ ಚಿತ್ರಗಳು ಇದ್ದಲ್ಲಿಯೇ ಇರುತ್ತವೆ. ಇನ್ನು ಕೆಲವೊಮ್ಮೆ ವ್ಯಾಪಾರಿಯು ಎಲ್ಲವನ್ನೂ ತೆಗೆದು ಯಂತ್ರವನ್ನು ಹೊಸದರಂತೆ ಒಪ್ಪಿಸಿರುತ್ತಾನೆ. ಮೊದಲನೆಯ ಸ್ಥಿತಿ ಎಚ್ಚರಿಕೆ ಹುಟ್ಟಿಸುತ್ತದೆ, ಎರಡನೆಯದು ಹುಟ್ಟಿಸುವುದಿಲ್ಲ. ಆದುದರಿಂದ ಎರಡನೆಯದರ ಬಗ್ಗೆಯೇ ಹೆಚ್ಚು ತಿಳಿದಿರುವುದು ಅಗತ್ಯ.

ಅಳಿಸುವುದು ಮತ್ತು ಇಲ್ಲವಾಗುವುದು

ಪುಣೆಯ ಪುರಾಭಿಲೇಖಾಲಯದಲ್ಲಿ, ಅಂದರೆ ಜನರು ಪೇಶ್ವೆ ದಫ್ತರ ಎಂದು ಕರೆಯುವ ಸಂಗ್ರಹದಲ್ಲಿ, ಮೋಡಿ ಲಿಪಿಯ ಹಳೆಯ ಕಾಗದಪತ್ರಗಳನ್ನು ‘ರುಮಾಲು’ ಎಂಬ ಬಟ್ಟೆಯ ಗಂಟುಗಳಲ್ಲಿ ಕಟ್ಟಿ ಇಡಲಾಗಿದೆ. ಯಾವ ಗಂಟು ಎಲ್ಲಿದೆ ಎಂಬುದನ್ನು ತಿಳಿಯಲು ಇಂತಹ ಸಂಗ್ರಹಗಳಲ್ಲಿ ಒಂದು ಸೂಚಿ ಇರುತ್ತದೆ. ಸೂಚಿಯಲ್ಲಿನ ಒಂದು ಸಾಲನ್ನು ಯಾರಾದರೂ ಹೊಡೆದುಹಾಕಿದರೆ ಆ ಗಂಟು ಹುಡುಕುವವರಿಗೆ ಸುಲಭವಾಗಿ ಸಿಗದು. ಆದರೆ ಗಂಟು ಕಪಾಟಿನಲ್ಲಿಯೇ ಇರುತ್ತದೆ. ಕಪಾಟುಗಳನ್ನೆಲ್ಲ ಒಂದೊಂದಾಗಿ ನೋಡುವವನಿಗೆ ಅದು ಸಿಕ್ಕೇ ಸಿಗುತ್ತದೆ.

ಗಣಕಯಂತ್ರದ ಹಾರ್ಡ್ ಡಿಸ್ಕಿನಲ್ಲಿ ನಡೆಯುವುದೂ ಬಹುಮಟ್ಟಿಗೆ ಇದೇ. ಕಡತಗಳ ಹೆಸರು ಮತ್ತು ಅವು ಇರುವ ಸ್ಥಾನವನ್ನು ಡಿಸ್ಕಿನ ಒಂದು ಭಾಗದಲ್ಲಿ ಬರೆದಿರುತ್ತದೆ. ಬಳಕೆದಾರನು ಕಡತವೊಂದನ್ನು ಅಳಿಸಿದಾಗ ಅದು ಸಾಮಾನ್ಯವಾಗಿ ಮೊದಲು ಕಸದ ಬುಟ್ಟಿಗೆ ಹೋಗುತ್ತದೆ. ಬುಟ್ಟಿಯನ್ನು ಖಾಲಿ ಮಾಡಿದಾಗಲೂ ಯಂತ್ರವು ಸೂಚಿಯನ್ನಷ್ಟೇ ತಿದ್ದುತ್ತದೆ. ಡಾಸ್ ಕಾಲದಿಂದ ಬಂದ, ಇಂದಿಗೂ ಅನೇಕ ಪೆನ್ ಡ್ರೈವುಗಳಲ್ಲಿ ಬಳಕೆಯಲ್ಲಿರುವ ಫ್ಯಾಟ್ ಎಂಬ ಪದ್ಧತಿಯಲ್ಲಿ, ಕಡತದ ಹೆಸರಿನ ಮೊದಲ ಅಕ್ಷರದ ಸ್ಥಾನದಲ್ಲಿ ಒಂದು ನಿಗದಿತ ಸಂಕೇತವನ್ನು ಬರೆದು, ಆ ಕಡತ ಆಕ್ರಮಿಸಿದ್ದ ಜಾಗವು ತೆರವಾಗಿದೆಯೆಂದು ಗುರುತು ಮಾಡಲಾಗುತ್ತದೆ. ಕಡತದ ಒಳಗಿನ ಒಂದು ಅಕ್ಷರವನ್ನೂ ಆಗ ಮುಟ್ಟುವುದಿಲ್ಲ. ಆ ಜಾಗದ ಮೇಲೆ ಬೇರೊಂದು ಕಡತ ಬಂದು ಕೂರುವವರೆಗೆ ಹಳೆಯದು ಹಾಗೆಯೇ ಉಳಿಯುತ್ತದೆ. ಅದನ್ನು ಮರಳಿ ಪಡೆಯುವ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ಅವುಗಳನ್ನು ಬಳಸಲು ವಿಶೇಷ ಪರಿಣತಿಯೂ ಬೇಡ.

‘ಫಾರ್ಮ್ಯಾಟ್ ಮಾಡಿದೆ’ ಎಂಬ ಮಾತು ಮಾರುಕಟ್ಟೆಯಲ್ಲಿ ಸದಾ ಕೇಳಿಬರುತ್ತದೆ. ಇದರಲ್ಲಿ ಎರಡು ವಿಧಗಳಿವೆ. ಕೆಲವೇ ಸೆಕೆಂಡುಗಳಲ್ಲಿ ಮುಗಿಯುವ ತ್ವರಿತ ಫಾರ್ಮ್ಯಾಟ್ ಹಳೆಯ ಸೂಚಿಯ ಬದಲು ಹೊಸ ಖಾಲಿ ಸೂಚಿಯನ್ನು ಇಡುತ್ತದೆ, ಅಷ್ಟೆ. ಪೂರ್ಣ ಫಾರ್ಮ್ಯಾಟ್ ಕೂಡ ವಿಂಡೋಸ್ ಎಕ್ಸ್‌ಪಿ ಕಾಲದವರೆಗೆ ಡಿಸ್ಕಿನ ದೋಷಗಳನ್ನು ಪರೀಕ್ಷಿಸುತ್ತಿತ್ತೇ ವಿನಾ ಹಳೆಯ ಬರಹವನ್ನು ಒರೆಸುತ್ತಿರಲಿಲ್ಲ. ವಿಂಡೋಸ್ ವಿಸ್ಟಾದಿಂದ ಈಚೆಗೆ ಮಾತ್ರ ಅದು ಇಡೀ ವಿಭಾಗದ ಮೇಲೆ ಸೊನ್ನೆಗಳನ್ನು ಬರೆಯುತ್ತದೆ. ಅಂಗಡಿಯವನು ಗಿರಾಕಿಯ ಎದುರಿನಲ್ಲೇ ಚಹಾ ಮುಗಿಯುವುದರೊಳಗೆ ಮಾಡಿಕೊಟ್ಟ ಫಾರ್ಮ್ಯಾಟ್ ಯಾವ ವಿಧದ್ದೆಂದು ಬೇರೆ ಹೇಳಬೇಕಾಗಿಲ್ಲ.

ಇದು ಕೇವಲ ಊಹೆಯ ಭಯವಲ್ಲ. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾಟ್ ಎಂಬ ಸಂಶೋಧಕರು ಹಳೆಯ ಮಾಲಿನ ಮಾರುಕಟ್ಟೆಯಿಂದ 158 ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿ, 2003ರಲ್ಲಿ ತಮ್ಮ ಫಲಿತಾಂಶಗಳನ್ನು ಪ್ರಕಟಿಸಿದರು. ಓದಲು ಸಾಧ್ಯವಾದ 129 ಡಿಸ್ಕುಗಳ ಪೈಕಿ ಸರಿಯಾಗಿ ಶುದ್ಧಗೊಳಿಸಿದವು 12 ಮಾತ್ರ. ಉಳಿದವುಗಳಲ್ಲಿ ಸಾವಿರಾರು ಕ್ರೆಡಿಟ್ ಕಾರ್ಡ್ ಸಂಖ್ಯೆಗಳು, ವೈದ್ಯಕೀಯ ವಿವರಗಳು, ಖಾಸಗಿ ಪತ್ರಗಳು ದೊರೆತವು. ಒಂದು ಡಿಸ್ಕು ಬ್ಯಾಂಕಿನ ಹಣ ನೀಡುವ ಯಂತ್ರದಿಂದ ಬಂದುದಾಗಿತ್ತು. ಇವುಗಳ ಹಿಂದಿನ ಮಾಲೀಕರಲ್ಲಿ ಅನೇಕರು ತಾವು ಎಲ್ಲವನ್ನೂ ಅಳಿಸಿದ್ದೇವೆಂದೇ ನಂಬಿದ್ದರೆಂಬುದು ಡಿಸ್ಕುಗಳ ಸ್ಥಿತಿಯಿಂದಲೇ ವ್ಯಕ್ತವಾಗುತ್ತಿತ್ತು.

ಕೊಳ್ಳುವಾಗ ನೋಡಬೇಕಾದುದು

ಹಿಂದಿನವರ ಕುರುಹುಗಳೆಲ್ಲವೂ ಡಿಸ್ಕಿನಲ್ಲಿಯೇ ಇರುತ್ತವೆಂದು ತಿಳಿಯುವುದು ಸರಿಯಲ್ಲ. ಯಂತ್ರದ ಮೂಲಫಲಕದಲ್ಲಿರುವ ಆರಂಭಿಕ ತಂತ್ರಾಂಶಕ್ಕೆ, ಅಂದರೆ ಬಯೋಸ್‌ಗೆ, ಪ್ರತ್ಯೇಕ ಪಾಸ್‌ವರ್ಡ್ ಹಾಕಿರಬಹುದು. ಡಿಸ್ಕನ್ನೇ ಬದಲಾಯಿಸಿದರೂ ಅದು ಹೋಗದು. ಸಂಸ್ಥೆಗಳಿಂದ ಬಂದ ಯಂತ್ರಗಳಲ್ಲಿ ಇನ್ನೊಂದು ತೊಡಕು ಎದುರಾಗಬಹುದು. ವಿಂಡೋಸನ್ನು ಹೊಸದಾಗಿ ಸ್ಥಾಪಿಸಿ ಅಂತರ್ಜಾಲಕ್ಕೆ ಜೋಡಿಸಿದೊಡನೆಯೇ ಹಳೆಯ ಸಂಸ್ಥೆಯ ಹೆಸರು ಪರದೆಯ ಮೇಲೆ ಬಂದು, ಅಲ್ಲಿನ ಉದ್ಯೋಗಿಯ ಖಾತೆಯನ್ನು ಕೇಳುತ್ತದೆ. ಯಂತ್ರವು ಆ ಸಂಸ್ಥೆಯ ನೋಂದಣಿಯಲ್ಲಿ ಇನ್ನೂ ಉಳಿದಿದೆಯೆಂಬುದಕ್ಕೆ ಇದು ಸೂಚನೆ. ಆಪಲ್ ಕಂಪನಿಯ ಯಂತ್ರಗಳಲ್ಲಿಯೂ ಹಿಂದಿನವರ ಖಾತೆಯ ಬೀಗ ಇದೇ ರೀತಿ ಉಳಿಯುತ್ತದೆ. ಈ ಬೀಗಗಳನ್ನು ಉಪಾಯದಿಂದ ಮುರಿಯಲು ಹೋಗುವುದಕ್ಕಿಂತ ಮಾರಿದವರ ಮೂಲಕ ತೆಗೆಸುವುದು, ಆಗದಿದ್ದರೆ ಯಂತ್ರವನ್ನು ಹಿಂದಿರುಗಿಸುವುದು ಯುಕ್ತ. ಹಣ ಕೊಡುವ ಮುನ್ನ ಅಂಗಡಿಯಲ್ಲಿಯೇ ಯಂತ್ರವನ್ನು ಅಂತರ್ಜಾಲಕ್ಕೆ ಜೋಡಿಸಿ ನೋಡಿದರೆ ಈ ತೊಡಕು ಬಹುಪಾಲು ಅಲ್ಲಿಯೇ ಬಯಲಾಗುತ್ತದೆ.

ಯಂತ್ರದ ಕ್ರಮಸಂಖ್ಯೆಯನ್ನು ನಮೂದಿಸಿದ ರಸೀದಿಯನ್ನು ತಪ್ಪದೆ ಪಡೆಯತಕ್ಕದ್ದು. ಕಳವಿನ ಮಾಲೆಂದು ತಿಳಿದೂ ಅಥವಾ ಹಾಗೆ ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಪಡೆದವರಿಗೆ ಭಾರತೀಯ ನ್ಯಾಯ ಸಂಹಿತೆಯ 317ನೆಯ ಪ್ರಕರಣದಡಿ 3 ವರ್ಷಗಳವರೆಗಿನ ಸೆರೆವಾಸ ವಿಧಿಸಬಹುದಾಗಿದೆ. ಪ್ರಾಮಾಣಿಕವಾಗಿ ಕೊಂಡವರ ಬಳಿ ಅದನ್ನು ತೋರಿಸುವ ಕಾಗದವೊಂದು ಇರುವುದು ಲೇಸು.

ಶುದ್ಧಗೊಳಿಸುವ ಕ್ರಮ

ಹಿಂದಿನವರ ಕಡತಗಳು ಕಂಡುಬಂದಲ್ಲಿ ಅವುಗಳನ್ನು ತೆರೆದು ಓದುವ ಕುತೂಹಲವನ್ನು ತಡೆಯಬೇಕು. ಪರರ ಪತ್ರವು ನಮ್ಮ ಮನೆಯ ಅಂಚೆಪೆಟ್ಟಿಗೆಗೆ ಬಂದು ಬಿದ್ದ ಮಾತ್ರಕ್ಕೆ ಅದು ನಮ್ಮದಾಗುವುದಿಲ್ಲ. ಮಾರಿದವರನ್ನು ಸಂಪರ್ಕಿಸಲು ಸಾಧ್ಯವಿದ್ದರೆ ವಿಷಯವನ್ನು ತಿಳಿಸಿ, ಅವರಿಗೆ ಬೇಕಾದುದನ್ನು ಪಡೆಯಲು ಒಂದೆರಡು ದಿನದ ಅವಕಾಶ ನೀಡುವುದು ಸೌಜನ್ಯ. ಒಂದು ಮಗುವಿನ ಹುಟ್ಟಿದ ದಿನದ ಚಿತ್ರಗಳ ಏಕಮಾತ್ರ ಪ್ರತಿ ಹೀಗೆ ಮಾರಾಟವಾಗಿರುವುದು ಅಸಂಭವವೇನಲ್ಲ. ಯಂತ್ರದಲ್ಲಿ ಉಳಿದ ಇನ್ನೊಬ್ಬರ ಪಾಸ್‌ವರ್ಡ್ ಅಥವಾ ವಿದ್ಯುನ್ಮಾನ ಸಹಿಯನ್ನು ವಂಚನೆಯಿಂದ ಬಳಸುವುದಂತೂ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಪ್ರಕರಣದಂತೆ ಅಪರಾಧ. ಅದಕ್ಕೆ 3 ವರ್ಷಗಳವರೆಗಿನ ಸೆರೆವಾಸ ಮತ್ತು 1 ಲಕ್ಷ ರೂಪಾಯಿಗಳವರೆಗಿನ ದಂಡವುಂಟು.

ಹಿಂದಿನವರ ಖಾತೆಯನ್ನು ತೆಗೆದು, ತಮ್ಮ ಹೆಸರಿನ ಖಾತೆ ತೆರೆದು, ಅದೇ ವ್ಯವಸ್ಥೆಯಲ್ಲಿ ಕೆಲಸ ಮುಂದುವರಿಸುವವರು ಬಹಳ ಮಂದಿ. ಇದು ಸಾಲದು. ಹಳೆಯ ವ್ಯವಸ್ಥೆಯಲ್ಲಿ ಕದ್ದು ನೋಡುವ ತಂತ್ರಾಂಶವೇನಾದರೂ ಅಡಗಿದ್ದರೆ ಹೊಸಬರ ಬ್ಯಾಂಕ್ ವಿವರಗಳೂ ಅದರ ಪಾಲಾಗುತ್ತವೆ. ಬಾಡಿಗೆ ಮನೆಗೆ ಬಂದವರು ಹಳೆಯ ಬೀಗವನ್ನೇ ಮುಂದುವರಿಸಿದ ಹಾಗೆ! ಆದುದರಿಂದ ತಯಾರಕರ ಅಧಿಕೃತ ಜಾಲತಾಣದಿಂದ ಪಡೆದ ವ್ಯವಸ್ಥೆಯನ್ನು ಬೇರೊಂದು ನಂಬಿಕಸ್ಥ ಯಂತ್ರದಲ್ಲಿ ಪೆನ್ ಡ್ರೈವಿಗೆ ಇಳಿಸಿಕೊಂಡು, ಆ ಪೆನ್ ಡ್ರೈವಿನಿಂದಲೇ ಯಂತ್ರವನ್ನು ಆರಂಭಿಸಿ, ಡಿಸ್ಕಿನ ಎಲ್ಲ ವಿಭಾಗಗಳನ್ನೂ ತೆಗೆದು ಹೊಸದಾಗಿ ಸ್ಥಾಪಿಸುವುದು ಸರಿಯಾದ ಮಾರ್ಗ. ವಿಂಡೋಸ್ 10 ಅಥವಾ 11ರ ಪರವಾನಗಿಯು ಆ ಯಂತ್ರಕ್ಕೇ ಸೇರಿದುದಾಗಿದ್ದಲ್ಲಿ ಅದೇ ಆವೃತ್ತಿಯನ್ನು ಮರುಸ್ಥಾಪಿಸಿದಾಗ ಅದು ತಾನಾಗಿಯೇ ಮರಳುತ್ತದೆ. ವಿಂಡೋಸ್ 11ನ್ನು ಒಪ್ಪದ ಹಳೆಯ ಯಂತ್ರಗಳಿಗೆ ಲಿನಕ್ಸ್ ವ್ಯವಸ್ಥೆಗಳು ಹೊಂದುತ್ತವೆ. ಪುಣೆಯಲ್ಲಿ ಕೇಂದ್ರ ಕಚೇರಿಯುಳ್ಳ ಸಿ-ಡ್ಯಾಕ್ ಸಂಸ್ಥೆಯು ರೂಪಿಸಿದ ಬಾಸ್ ಲಿನಕ್ಸ್ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಅವಕಾಶ ಕಲ್ಪಿಸಿದೆ.

ಇಷ್ಟರಿಂದ ಹೊಸಬರು ಸುರಕ್ಷಿತರಾದರು; ಹಿಂದಿನವರು ಆಗಲಿಲ್ಲ. ವಿಭಾಗಗಳನ್ನು ತೆಗೆದು ಮರುಸ್ಥಾಪಿಸಿದಾಗಲೂ ಕಾಂತೀಯ ಡಿಸ್ಕಿನ ಬಹುಭಾಗದಲ್ಲಿ ಹಳೆಯ ಬರಹ ಉಳಿದಿರುತ್ತದೆಂಬುದನ್ನು ಮರೆಯಬಾರದು. ಮುಂದೆ ಇದೇ ಯಂತ್ರ ಮೂರನೆಯವರಿಗೆ ಹೋದಾಗ ಆ ಬರಹವೂ ಜೊತೆಗೆ ಹೋಗುತ್ತದೆ. ಆದುದರಿಂದ ಮರುಸ್ಥಾಪನೆಗೆ ಮುಂಚೆ ಇಡೀ ಡಿಸ್ಕಿನ ಮೇಲೆ ಒಮ್ಮೆ ಸೊನ್ನೆಗಳನ್ನು ಬರೆಯಿಸಬೇಕು. ವಿಂಡೋಸ್ ಸ್ಥಾಪನೆಯ ಪರದೆಯಲ್ಲಿ ಶಿಫ್ಟ್ ಮತ್ತು ಎಫ್10 ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಸಾಮಾನ್ಯವಾಗಿ ಆಜ್ಞೆಗಳನ್ನು ಬರೆಯುವ ಕಿಟಕಿ ತೆರೆಯುತ್ತದೆ. ಅಲ್ಲಿ ‘ಡಿಸ್ಕ್‌ಪಾರ್ಟ್’ ಎಂಬುದನ್ನು ನಡೆಸಿ, ಸಂಬಂಧಪಟ್ಟ ಡಿಸ್ಕನ್ನು ಆಯ್ದು, ‘ಕ್ಲೀನ್ ಆಲ್’ ಎಂಬ ಆಜ್ಞೆ ನೀಡಿದರೆ ಈ ಕೆಲಸ ನಡೆಯುತ್ತದೆ. ಬರಿಯ ‘ಕ್ಲೀನ್’ ಎಂದರೆ ಸೂಚಿ ಮಾತ್ರ ಹೋಗುತ್ತದೆ. ತಪ್ಪು ಡಿಸ್ಕನ್ನು ಆಯ್ದರೆ ಮರಳಿ ಪಡೆಯುವ ದಾರಿಯಿಲ್ಲವಾದ್ದರಿಂದ, ಇತರ ಡಿಸ್ಕುಗಳಿದ್ದರೆ ಅವುಗಳನ್ನು ಮೊದಲೇ ಬಿಚ್ಚಿಡುವುದು ಒಳ್ಳೆಯದು. ಸೆಕೆಂಡಿಗೆ 100 ಮೆಗಾಬೈಟ್ ವೇಗದಲ್ಲಿ ಬರೆಯುವ 500 ಗಿಗಾಬೈಟ್ ಡಿಸ್ಕಿಗೆ ಸುಮಾರು ಒಂದೂವರೆ ಗಂಟೆ ಹಿಡಿಯುತ್ತದೆ.

ಮೂವತ್ತೈದು ಬಾರಿ ಬರೆಯಬೇಕೆಂಬ ನಂಬಿಕೆಯೊಂದು ಚಲಾವಣೆಯಲ್ಲಿದೆ. ಅದು ಪೀಟರ್ ಗುಟ್‌ಮನ್ 1996ರಲ್ಲಿ ಅಂದಿನ ನಾನಾ ಬಗೆಯ ಡಿಸ್ಕುಗಳನ್ನು ಗಮನದಲ್ಲಿಟ್ಟು ಬರೆದ ಪ್ರಬಂಧದಿಂದ ಬಂದುದು. ಇಂದಿನ ಕಾಂತೀಯ ಡಿಸ್ಕುಗಳಿಗೆ ಅಷ್ಟು ಬಾರಿ ಬರೆಯುವ ಅಗತ್ಯವಿಲ್ಲವೆಂದು ಅವರೇ ಮುಂದೆ ಸ್ಪಷ್ಟಪಡಿಸಿದ್ದಾರೆ. ಮನೆಬಳಕೆಗೆ ಒಂದು ಸುತ್ತು ಸಾಕು.

ತಿರುಗುವ ತಟ್ಟೆಗಳಿಲ್ಲದ ಎಸ್‌ಎಸ್‌ಡಿಗಳ ವಿಷಯ ಬೇರೆ. ಅವುಗಳ ಕೋಶಗಳು ಸಮನಾಗಿ ಸವೆಯಲೆಂದು ಒಳಗಿನ ನಿಯಂತ್ರಕವು ಬರಹವನ್ನು ಜಾಗದಿಂದ ಜಾಗಕ್ಕೆ ಸರಿಸುತ್ತಿರುತ್ತದೆ. ಕೆಲವು ಕೋಶಗಳು ಬಳಕೆದಾರನಿಗೆ ಕಾಣುವುದೇ ಇಲ್ಲ. ಹೀಗಾಗಿ ಮೇಲಿನಿಂದ ಸೊನ್ನೆ ಬರೆದರೂ ಅದು ಎಲ್ಲ ಕೋಶಗಳನ್ನು ತಲುಪುವುದೆಂಬ ಭರವಸೆಯಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕೇಂದ್ರದ ಸಂಶೋಧಕರು 2011ರಲ್ಲಿಯೇ ಇದನ್ನು ತೋರಿಸಿಕೊಟ್ಟರು. ಇಂತಹ ಸಾಧನಗಳಿಗೆ ಅವುಗಳಲ್ಲಿಯೇ ಅಡಕವಾಗಿರುವ ‘ಸೆಕ್ಯೂರ್ ಇರೇಸ್’ ಆಜ್ಞೆಯನ್ನು ತಯಾರಕರ ತಂತ್ರಾಂಶದಿಂದಾಗಲಿ, ಸೌಲಭ್ಯವಿದ್ದಲ್ಲಿ ಬಯೋಸ್ ಮೂಲಕವಾಗಲಿ ನೀಡಬೇಕು. ಇದು ಸಾಮಾನ್ಯವಾಗಿ ಕೆಲವೇ ನಿಮಿಷಗಳ ಕೆಲಸ.

ಅಕ್ಷರ ಜೋಡಣೆಯ ಯಂತ್ರಗಳು

ಹಳೆಯ ಮಾಲಿನಲ್ಲಿ ಮುದ್ರಣಾಲಯಗಳಿಂದ ಮತ್ತು ಡಿಟಿಪಿ ಅಂಗಡಿಗಳಿಂದ ಬರುವ ಯಂತ್ರಗಳನ್ನು ಪ್ರತ್ಯೇಕವಾಗಿ ಪರಿಗಣಿಸಬೇಕು. ಅವುಗಳಲ್ಲಿ ಇರುವುದು ಒಬ್ಬ ಮಾಲೀಕರ ಕುರುಹಲ್ಲ, ಇಡೀ ಪೇಟೆಯದು: ಕ್ರಯಪತ್ರಗಳು, ಅರ್ಜಿಗಳು, ಲಗ್ನಪತ್ರಿಕೆಗಳು, ಸಹಿ ಮಾಡಿದ ಗುರುತಿನ ಚೀಟಿಗಳ ಪ್ರತಿಗಳು. ಪುಣೆಯ ಮಾಡ್ಯುಲರ್ ಇನ್ಫೋಟೆಕ್ ಸಂಸ್ಥೆಯ ಶ್ರೀಲಿಪಿ, ಸಿ-ಡ್ಯಾಕ್‌ನ ಐಎಸ್‌ಎಂ ಮುಂತಾದ ತಂತ್ರಾಂಶಗಳಲ್ಲಿ ಸಿದ್ಧಪಡಿಸಿದ ಹಳೆಯ ಕಡತಗಳನ್ನು ಆಯಾ ಅಕ್ಷರವಿನ್ಯಾಸಗಳಿಲ್ಲದ ಯಂತ್ರದಲ್ಲಿ ತೆರೆದಾಗ ಅರ್ಥವಿಲ್ಲದ ಚಿಹ್ನೆಗಳು ಕಾಣಿಸುತ್ತವೆ. ಇದನ್ನು ನೋಡಿ, ಕಡತವು ಕೆಟ್ಟಿದೆ, ಯಾರೂ ಓದಲಾರರು ಎಂದು ಭಾವಿಸಿ ಹಾಗೆಯೇ ಬಿಡುವವರಿದ್ದಾರೆ. ಅದು ಕೆಟ್ಟಿಲ್ಲ, ಅಕ್ಷರವಿನ್ಯಾಸ ದೊರೆತೊಡನೆಯೇ ಕ್ರಯಪತ್ರವು ಗಡಿ ಚಕ್ಕುಬಂದಿ ಸಹಿತ ಓದಿಗೆ ಸಿಗುತ್ತದೆ.

ಮಾರುವವರ ಹೊಣೆ

ಈ ಕೆಲಸವೆಲ್ಲವೂ ನ್ಯಾಯವಾಗಿ ಮಾರುವವರದು. ಬೇಕಾದ ಕಡತಗಳನ್ನು ಬೇರೆಡೆ ನಕಲು ಮಾಡಿಕೊಂಡು, ಎಲ್ಲ ಖಾತೆಗಳಿಂದಲೂ ಹೊರಬಂದು, ಸಂಸ್ಥೆಯ ಯಂತ್ರವಾದರೆ ನೋಂದಣಿಯನ್ನು ರದ್ದುಪಡಿಸಿ, ಬಳಿಕ ಡಿಸ್ಕನ್ನು ಒರೆಸತಕ್ಕದ್ದು. ವಿಂಡೋಸ್ 10 ಮತ್ತು 11ರಲ್ಲಿ ಯಂತ್ರವನ್ನು ಮೂಲಸ್ಥಿತಿಗೆ ತರುವ ಸೌಲಭ್ಯವಿದ್ದು, ಅದರಲ್ಲಿ ಎಲ್ಲವನ್ನೂ ತೆಗೆಯುವ ಆಯ್ಕೆಯ ಜೊತೆಗೆ ಡ್ರೈವನ್ನು ಸ್ವಚ್ಛಗೊಳಿಸುವ ಆಯ್ಕೆಯನ್ನೂ ಗುರುತಿಸಬೇಕು. ಈ ಎರಡನೆಯ ಗುರುತನ್ನು ಹೆಚ್ಚಿನವರು ಗಮನಿಸುವುದಿಲ್ಲ. ಇತರರ ಮಾಹಿತಿಯನ್ನು ಇಟ್ಟುಕೊಂಡಿರುವ ಸಂಸ್ಥೆಗಳ ಹೊಣೆ ಇನ್ನೂ ದೊಡ್ಡದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು, ಉದ್ದೇಶ ಮುಗಿದ ವೈಯಕ್ತಿಕ ಮಾಹಿತಿಯನ್ನು ಅಳಿಸುವುದನ್ನು ಕರ್ತವ್ಯವಾಗಿ ವಿಧಿಸಿದೆ; ಸಮುಚಿತ ಸುರಕ್ಷತೆ ಕೈಗೊಳ್ಳದಿದ್ದಲ್ಲಿ 250 ಕೋಟಿ ರೂಪಾಯಿಗಳವರೆಗಿನ ದಂಡಕ್ಕೂ ಅದರಲ್ಲಿ ಅವಕಾಶವಿದೆ. ಇದರ ನಿಬಂಧನೆಗಳನ್ನು ಹಂತಹಂತವಾಗಿ ಜಾರಿಗೆ ತರುವ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು.

ಕೆಟ್ಟು ನಿಂತ ಡಿಸ್ಕನ್ನು ಒರೆಸಲಾಗದು. ಆದರೆ ತಜ್ಞರು ಅದರಿಂದ ಮಾಹಿತಿ ತೆಗೆಯಬಲ್ಲರು. ಅಂತಹುದನ್ನು ಗುಜರಿಗೆ ಹಾಕುವ ಮೊದಲು ಯಂತ್ರದಿಂದ ಬಿಚ್ಚಿ, ಅದರ ಒಳಗಿನ ತಟ್ಟೆಗಳನ್ನು ತೂತು ಕೊರೆದು ಹಾಳುಗೆಡವಬೇಕು. ಎಸ್‌ಎಸ್‌ಡಿಯಾದರೆ ಪ್ರತಿಯೊಂದು ಚಿಪ್ಪೂ ಒಡೆಯಬೇಕು. ಬ್ಯಾಟರಿಯನ್ನು ಮಾತ್ರ ಚುಚ್ಚಬಾರದು. ಅದು ಹೊತ್ತಿ ಉರಿಯುವ ಅಪಾಯವಿದೆ. ಉಳಿದ ಯಂತ್ರವನ್ನು ಮನೆಯ ಕಸದೊಡನೆ ಸೇರಿಸದೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ವಿದ್ಯುನ್ಮಾನ ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಪುನರ್ಬಳಕೆದಾರರಿಗೆ ತಲುಪುವಂತೆ ಒಪ್ಪಿಸಬೇಕು. ಪುಣೆಯಲ್ಲಿ ಚಿಂದಿ ಆಯುವ ಶ್ರಮಿಕರೇ ಕಟ್ಟಿಕೊಂಡ ‘ಸ್ವಚ್ಛ್’ ಸಹಕಾರ ಸಂಸ್ಥೆಯು ಇಂತಹ ತ್ಯಾಜ್ಯವನ್ನು ಬೇರೆಯಾಗಿ ಸಂಗ್ರಹಿಸುವ ಕೆಲಸವನ್ನೂ ಕೈಗೊಂಡಿದೆ. ಹಳೆಯ ಯಂತ್ರದ ಮೂಲಕ ತಮ್ಮ ಮಾಹಿತಿ ಸೋರಿ ಹಣ ಕಳೆದುಕೊಂಡವರು ತಡಮಾಡದೆ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡಿ ದೂರು ದಾಖಲಿಸಬಹುದು.